ಕೊನೆಯ ನಾನೂರು ಗ್ರಾಂ

ಫೆಬ್ರುವರಿ 11, ಸಂಜೆ

ಕಾಯ್ಕಿಣಿಗೆ ಹೋಗಿ ಬಂದೆ. ಮಲ್ಲಿಗೆ ಮಾಲೆ ಕಟ್ಟಿ ಮಾರುವ ಮಾಸ್ತಮ್ಮನ ಫ್ರಿಜ್ ಮತ್ತೆ ತಣ್ಣಗಾಗುತ್ತಿಲ್ಲ. ಪ್ರತಿ ವರ್ಷ ಮದುವೆ ಸೀಸನ್ನಿಗೆ ಮುಂಚೆ ಇದೇ ದೂರು, ಇದೇ ಔಷಧಿ — ಗ್ಯಾಸ್ ಟಾಪ್ ಅಪ್. ಎಲ್ಲಿ ಸೋರುತ್ತದೆ ಎಂದು ಒಮ್ಮೆಯೂ ಹುಡುಕಿಲ್ಲ. ಹುಡುಕಲು ಇಡೀ ದಿನ ಬೇಕು, ತುಂಬಲು ಅರ್ಧ ಗಂಟೆ. ಹದಿನೆಂಟು ವರ್ಷ ಅರ್ಧ ಗಂಟೆಯನ್ನೇ ಆರಿಸಿಕೊಂಡೆ.

ಹೊಸದು ತಗೊಳ್ಳಿ ಅಂದೆ.

“ಮಗಳ ಮನೆಯದ್ರಲ್ಲಿ ಇಟ್ಟು ನೋಡಿದ್ನಲ್ರಾ. ಅದ್ರೊಳಗೆ ಗಾಳಿ ತಿರುಗ್ತದೆ. ಬೆಳಗಾಗೂದ್ರೊಳಗೆ ಮೊಗ್ಗು ಒಣಗಿ ಕಡ್ಡಿ. ಮಲ್ಲಿಗೆ ಅಂದ್ರೆ ಎಂತ, ನಿಮ್ಮ ಐಸ್‌ಕ್ರೀಮಾ?”

ಅವಳು ಹೇಳುವುದು ಸರಿ. ಹಳೆಯದರಲ್ಲಿ ತೇವ ಉಳಿಯುತ್ತದೆ. ಬಾಳೆನಾರಿನಲ್ಲಿ ಕಟ್ಟಿದ ಮಾಲೆ ಎರಡು ದಿನ ಬಿಳಿಯಾಗಿಯೇ ಇರುತ್ತದೆ. ಅದಿಲ್ಲದಿದ್ದರೆ ಭಟ್ಕಳದ ಮದುವೆ ಆರ್ಡರು ಹಿಡಿಯುವಂತಿಲ್ಲ.

ಅಂಗಡಿಗೆ ಬಂದು ಸಿಲಿಂಡರ್ ತೂಗಿದೆ. ಆರ್-12, ಹಳೆಯ ಫ್ರಿಜ್ಜುಗಳ ಗ್ಯಾಸ್. ತಯಾರಿ ನಿಂತು ಹದಿನೈದು ವರ್ಷವಾಯಿತು. ಒಳಗಿರುವುದು ನಾನೂರ ಹತ್ತು ಗ್ರಾಂ. ಆ ಫ್ರಿಜ್ಜಿಗೆ ಬೇಕಾದ್ದು ನೂರಾ ಇಪ್ಪತ್ತು. ಕುಮಟೆಯಿಂದ ಭಟ್ಕಳದವರೆಗೆ ವಿಚಾರಿಸಿದೆ, ಬೇರೆ ಯಾರ ಬಳಿಯೂ ಇಲ್ಲ.

ಫೆಬ್ರುವರಿ 12

ಸೋರಿದ್ದು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತು. ನಿಧಾನವಾಗಿ ಮೇಲೇರಿ ಓಝೋನ್ ಪದರ ಸೇರಿ ಅದನ್ನೇ ತಿನ್ನುತ್ತದೆ. ಬಿಸಿಲಿನ ವಿಷ ಸೋಸುವ ಪದರ ಅದು. ಈ ಗ್ಯಾಸಿನ ಆಯುಷ್ಯ ನೂರು ವರ್ಷ. ಇದನ್ನು ಓದಿದ್ದು 1996ರಲ್ಲಿ. ಓದಿ ಮಡಚಿಟ್ಟೆ. ಮರುದಿನ ಹೊನ್ನಾವರದಲ್ಲಿ ಒಂದು ಫ್ರಿಜ್ಜಿನ ಪೈಪ್ ಕತ್ತರಿಸಿ ಎಲ್ಲವನ್ನೂ ಗಾಳಿಗೆ ಬಿಟ್ಟೆ. ಆ ಸದ್ದು ನನಗೆ ಇಷ್ಟವಿತ್ತು. ಕೆಲಸ ಶುರುವಾಯಿತು ಅನ್ನುವ ಸದ್ದು.

ಮಾಸ್ತಮ್ಮನ ಮನೆಯೊಂದರಿಂದಲೇ ಎರಡು ಕಿಲೋ ಹೋಗಿರಬೇಕು.

ಈ ಸಲ ಹುಡುಕುತ್ತೇನೆ.

ಫೆಬ್ರುವರಿ 19

ಹೊನ್ನಾವರ, ಕಣ್ಣಿನ ಡಾಕ್ಟರು. ಎರಡೂ ಕಣ್ಣಿಗೆ ಪೊರೆ, ಎಡಗಣ್ಣಿನದು ಬಲಿತಿದೆ. ಐವತ್ತಾರಕ್ಕೆ ಸ್ವಲ್ಪ ಬೇಗ ಅಂದರು. “ಬೆಂಕಿ ಕೆಲಸ ಅಲ್ವಾ, ಕನ್ನಡಕ ಹಾಕ್ತಿದ್ರಾ?”

ಇಲ್ಲ.

ಓಝೋನ್ ತೆಳುವಾದರೆ ಪೊರೆ ಬರುತ್ತದಂತಲ್ಲ ಎಂದು ಕೇಳಿಬಿಟ್ಟೆ. ನಕ್ಕರು. “ಬರ್ತದೆ. ಆದ್ರೆ ತೂತು ಇರೂದು ದಕ್ಷಿಣ ಧ್ರುವದ ಮೇಲೆ ಮಾರಾಯ್ರೆ, ನಿಮ್ಮ ಕುಮಟೆ ಮೇಲೆ ಅಲ್ಲ.”

ಹಾಗಾದರೆ ನಾನು ಬಿಟ್ಟ ಗ್ಯಾಸಿನ ತೂತು ಬೇರೆ ಯಾರದೋ ತಲೆ ಮೇಲೆ. ಸಮಾಧಾನವೂ ಆಗಲಿಲ್ಲ, ಇನ್ನೊಂದೂ ಆಗಲಿಲ್ಲ.

ಫೆಬ್ರುವರಿ 24

ಬೆಳಗ್ಗೆಯಿಂದ ಕಾಯ್ಕಿಣಿಯಲ್ಲಿ. ಪೈಪಿಗೆಲ್ಲ ಸೋಪಿನ ನೊರೆ ಹಚ್ಚಿದೆ. ಸೋರುವಲ್ಲಿ ಗುಳ್ಳೆ ಏಳಬೇಕು. ಎದ್ದಿರಬಹುದು. ನನಗೆ ಕಾಣುವುದು ಹಾಲಿನಂಥ ಮಬ್ಬು ಮಾತ್ರ. ಮಧ್ಯಾಹ್ನದವರೆಗೆ ಮೊಣಕಾಲೂರಿ ಕೂತೆ.

ಮಾಸ್ತಮ್ಮ ಕಟ್ಟುತ್ತಿದ್ದ ಮಾಲೆ ಬಿಟ್ಟು ಎದ್ದು ಬಂದಳು. “ಸರೀರಿ ಅತ್ಲಾಗೆ. ಮೊಗ್ಗು ಆರ್ಸೂ ಕಣ್ಣು ನಂದು.” ಫ್ರಿಜ್ಜಿನ ಬೆನ್ನ ಹಿಂದೆ ತಲೆ ತೂರಿಸಿದಳು. ಎರಡು ನಿಮಿಷವೂ ಆಗಿಲ್ಲ — “ಇಲ್ಲೊಂದು ಮೊಗ್ಗು ಬಿಡ್ತಾ ಇದೆ ನೋಡ್ರಾ!”

ಬೆರಳಿಟ್ಟು ತೋರಿಸಿದಳು. ತಡವಿ ನೋಡಿದೆ. ಕಂಪ್ರೆಸರಿನ ಮೇಲಿನ ಜಾಯಿಂಟ್, ಉಬ್ಬಿದ ಬೆಸುಗೆ. ಉಬ್ಬಿಸಿ ಬೆಸೆಯುವುದು ನನ್ನೊಬ್ಬನ ಅಭ್ಯಾಸ. 2007ರಲ್ಲಿ, ಮೊದಲ ಸಲ ಬಂದಾಗ ನಾನೇ ಹಾಕಿದ್ದು.

“ಸಿಕ್ತಲ್ಲ, ಎಂತಕ್ಕೆ ಮುಖ ಹಾಂಗೆ ಮಾಡ್ಕಂಡ್ರಿ?”

ಇದು ನನ್ನದೇ ಕೆಲಸ ಅಂದೆ.

“ಹೌದಾ? ಹಾಂಗಾರೆ ನೀವೇ ರಿಪೇರಿ ಮಾಡಿ,” ಅಂದು ಮಾಲೆಗೆ ಮರಳಿದಳು.

ಮಾರ್ಚ್ 6

ಎಡಗಣ್ಣಿನ ಆಪರೇಷನ್ ಆಯಿತು. ಅದಾಗದೆ ಬೆಸುಗೆ ಹಾಕುವಂತಿರಲಿಲ್ಲ, ಈಗ ಒಂದು ತಿಂಗಳು ಬೆಂಕಿಯ ಹತ್ತಿರ ಹೋಗುವಂತಿಲ್ಲ. ಅಕ್ಷರ ಸಾಲು ಬಿಟ್ಟು ಹೋಗುತ್ತಿದೆ…

ಮಾರ್ಚ್ 13

ಕಲ್ಪನಾ ಡ್ರಾಪ್ಸ್ ಹಾಕುತ್ತಾಳೆ. “ಮೇಲೆ ನೋಡಿ. ಮೇಲೆ ಅಂದ್ರೆ ಮೇಲೆ, ನನ್ನ ಮುಖ ಅಲ್ಲ.” ದಿನಕ್ಕೆ ನಾಲ್ಕು ಸಲ. ಮದುವೆಯಾಗಿ ಇಪ್ಪತ್ತೇಳು ವರ್ಷ, ಇಷ್ಟು ಹತ್ತಿರದಿಂದ ನೋಡಿದ್ದು ಈಗಲೇ.

ಮಾಸ್ತಮ್ಮನ ಫೋನ್: ಇಪ್ಪತ್ತಾರಕ್ಕೆ ದೊಡ್ಡ ಆರ್ಡರು. ಶ್ರೀಧರನಿಗೆ ಹೇಳಿದೆ. ನನ್ನಲ್ಲೇ ಕೆಲಸ ಕಲಿತವನು, ಈಗ ನಲವತ್ತು ದಾಟಿದೆ, ಹೊನ್ನಾವರದಲ್ಲಿ ಸ್ವಂತ ಅಂಗಡಿ. ಬೆಸುಗೆ ನನಗಿಂತ ಚೆನ್ನಾಗಿ ಹಾಕುತ್ತಾನೆ.

ಮಾರ್ಚ್ 22

ಕಪ್ಪು ಕನ್ನಡಕ ಹಾಕಿಕೊಂಡು ಅವನ ಬೈಕಿನ ಹಿಂದೆ ಕೂತು ಹೋದೆ. ತೊಡೆಯ ಮೇಲೆ ಸಿಲಿಂಡರ್.

ಬೆಸುಗೆ ನಯವಾಗಿ ಆಯಿತು. ಇನ್ನು ಪೈಪಿನೊಳಗಿನ ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯಬೇಕು. ಪಂಪ್ ತಂದಿದ್ದೆವು. ಕರೆಂಟ್ ಹೋಯಿತು. ಶ್ರೀಧರನಿಗೆ ಭಟ್ಕಳದಲ್ಲಿ ಇನ್ನೊಂದು ಕೆಲಸ. ಗಡಿಯಾರ ನೋಡಿದ, ಸಿಲಿಂಡರ್ ತಲೆಕೆಳಗೆ ಮಾಡಿದ, ವಾಲ್ವ್ ತಿರುಗಿಸಿದ. ಗ್ಯಾಸ್ ಬಿಟ್ಟೇ ಗಾಳಿಯನ್ನು ಹೊರದಬ್ಬುವುದು — ಹಳೆಯ ಪದ್ಧತಿ.

ಅದೇ ಸದ್ದು.

ಬೇಡ ಅನ್ನಬಹುದಿತ್ತು. ಪಕ್ಕದಲ್ಲೇ ಇದ್ದೆ. ಎಣಿಸುತ್ತಾ ಕೂತೆ. ಹದಿನಾಲ್ಕು.

“ಇದು ಕೊನೇದಾಗಿತ್ತೋ ಶ್ರೀಧರಾ,” ಅಂದೆ, ಮುಗಿದ ಮೇಲೆ.

“ಅಯ್ಯೋ, ಮೊದಲೇ ಹೇಳೂಕೆ ಎಂತಾಗಿತ್ತು ಅಣ್ಣಾ? ಹದಿನಾಲ್ಕು ಎಣ್ಸು ಅಂತ ನೀವೇ ಕಲ್ಸಿದ್ದಲ್ದಾ? ಇವತ್ತೂ ಮನಸಲ್ಲೇ ಎಣ್ಸಿದೆ.”

ಉಳಿದದ್ದು ತೊಂಬತ್ತೈದು ಗ್ರಾಂ. ಇಪ್ಪತ್ತೈದು ಕಡಿಮೆ. ಅಷ್ಟನ್ನೂ ತುಂಬಿದ. ಕರೆಂಟ್ ಬಂದ ಮೇಲೆ ಓಡಿಸಿ ನೋಡಿದೆವು. ಫ್ರೀಜರ್ ಅರ್ಧಕ್ಕೆ ಮಾತ್ರ ಹಿಮ ಹಿಡಿಯಿತು. ಮಾಸ್ತಮ್ಮ ಒಳಗೆ ಕೈಯಿಟ್ಟು ನೋಡಿದಳು. “ಆತು ಬಿಡಿ. ಹೂಂಗೆ ಒಂದು ದಿನಕ್ಕಾರೂ ಸಾಕು. ಎರಡು ದಿನದ ಆರ್ಡರು ಹಿಡಿಯೂದಿಲ್ಲ.” ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಏಪ್ರಿಲ್ 15

ಬರೆಯುವುದೇನೂ ಇರಲಿಲ್ಲ.

ಇವತ್ತು ಕಾಯ್ಕಿಣಿಗೆ ಹೋಗಿ ನಾನೇ ನೊರೆ ಹಚ್ಚಿದೆ. ಹೊಸ ಕಣ್ಣು. ಗುಳ್ಳೆ ಇಲ್ಲ. ಹತ್ತು ನಿಮಿಷ ನೋಡಿದೆ, ಇಲ್ಲ. ಇಪ್ಪತ್ತಾರರ ಆರ್ಡರಿನಲ್ಲಿ ಅರ್ಧ ಬೇರೆಯವರಿಗೆ ಹೋಯಿತಂತೆ. ಅವಳು ಹೇಳಲಿಲ್ಲ, ನಾನು ಕೇಳಿ ತಿಳಿದದ್ದು.

ಆಕಾಶ ಇಷ್ಟು ನೀಲಿ ಎಂದು ಮರೆತಿತ್ತು. ಓಝೋನ್ ಪದರ ಈ ಶತಮಾನದ ನಡುವೆ ಸರಿಹೋಗಬಹುದಂತೆ. ನನ್ನನ್ನು ಕಾಯದೆ.

ಏಪ್ರಿಲ್ 17, ಬೆಳಗ್ಗೆ 10.20

ಈಗಷ್ಟೇ ಶ್ರೀಧರನ ಫೋನ್. ಭಟ್ಕಳದಲ್ಲಿ ಯಾರೋ ಹಳೆ ಫ್ರಿಜ್ ಗುಜರಿಗೆ ಹಾಕುತ್ತಿದ್ದಾರೆ. ಅದೇ ಕಾಲದ್ದು. ಒಳಗೆ ಗ್ಯಾಸ್ ಇದೆ. “ಗುಜರಿಯವ ಬಂದು ನಿಂತಿದಾನೆ ಅಣ್ಣಾ. ಪೈಪ್ ಕತ್ತರಿಸ್ಲಾ?”

ಬೇಡ ಅಂದೆ.

“ಆಂ?”

ಬೇಡ. ನಾನು ಬರುವವರೆಗೆ ಮುಟ್ಟಬೇಡ. ಗುಜರಿಯವನಿಗೆ ಚಹ ಕುಡಿಸು.

“ಎರಡು ತಾಸು ಎಷ್ಟು ಚಹ ಕುಡ್ಸೂದು!” ಆದರೂ ಆತು ಅಂದ.

ಖಾಲಿ ಸಿಲಿಂಡರ್ ಚೀಲಕ್ಕೆ ಹಾಕಿದೆ. ಆ ಫ್ರಿಜ್ಜಿನ ಗ್ಯಾಸ್ ಎಳೆದು ಅದಕ್ಕೆ ತುಂಬಲು ಹಳೆಯ ಕಂಪ್ರೆಸರ್ — ಭಾರ, ಕಲ್ಪನಾ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡ್‌ವರೆಗೆ ಬಿಡುತ್ತಾಳೆ. ಮಾಸ್ತಮ್ಮನಿಗೆ ಬೇಕಾದ್ದು ಇಪ್ಪತ್ತೈದು ಗ್ರಾಂ. ಉಳಿದದ್ದು ಸಿಲಿಂಡರಿನಲ್ಲೇ ಇರಲಿ, ಎಷ್ಟು ದಿನವಾದರೂ. ಸ್ಕೂಟರಿನ ಹಾರ್ನ್. ತೂಕದ ಯಂತ್ರ ಇಟ್ಟುಕೊಂಡೆನೇ — ಹೌದು. ಈ ಸಲ ಕನ್ನಡಕವನ್ನೂ.