ವಾಸನೆ ತಿಳಿಯದವಳ ನೌಕರಿ

ಅಣ್ಣಾ,

ನಿನ್ನ ಕಾಗದ ತಲುಪಿತು. ಜ್ವರದಲ್ಲಿ ವಾಸನೆ ತಿಳಿಯುವ ಶಕ್ತಿ ಕಳೆದುಕೊಂಡವಳಿಗೆ ಒಂಟಿ ಬದುಕು ಬೇಡ, ಗ್ಯಾಸ್ ಸೋರಿದರೂ ತಿಳಿಯುವುದಿಲ್ಲ, ಹೊರಟು ಬಾ ಎಂದಿದ್ದೀಯ. ಬರುವುದಿಲ್ಲ. ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಹಸಿ ಚರ್ಮ ನೆನೆಹಾಕಿದ ತೊಟ್ಟಿಯ ಹತ್ತಿರ ಎಂಥವರೂ ಮೂಗು ಮುಚ್ಚಿಕೊಂಡು ಓಡುತ್ತಾರೆ. ನಾನು ಅಲ್ಲೇ ಕೂತು ಬುತ್ತಿ ಬಿಚ್ಚುತ್ತೇನೆ. ಮೇಸ್ತ್ರಿ ಕಣ್ಣರಳಿಸಿ, "ನಿಂಗೆ ವಾಸ್ನೆ ಬರಲ್ವೇನಮ್ಮಾ?" ಎಂದ. "ಬಂದಿದ್ರೆ ನಾನೂ ಓಡ್ತಿದ್ದೆ. ಸಂಬಳ ಜಾಸ್ತಿ ಮಾಡಿ" ಎಂದೆ. ಮಾಡಿದ!

ಅಡುಗೆಗೆ ಕರೆಂಟ್ ಒಲೆ ಇಟ್ಟುಕೊಂಡಿದ್ದೇನೆ. ಗುಂಡುಕಲ್ಲಿನ ಹಾಗಿದ್ದೇನೆ. ನಂಬಿಕೆಯಿಲ್ಲದಿದ್ದರೆ ಬಂದು ನೋಡು. ತೊಟ್ಟಿಯ ವಾಸನೆ ನನ್ನ ಕೋಣೆಗೂ ಹತ್ತಿದೆಯಂತೆ. ಇಲ್ಲಿ ಒಂದು ದಿನ ತಡೆದುಕೊಂಡು ತೋರಿಸು, ಆಮೇಲೆ ನನಗೆ ಬುದ್ಧಿ ಹೇಳು.

ನಿನ್ನ ತಂಗಿ