ಪೈಪಿಗೆ ಸಿಕ್ಕಿಸಿದ ಹೂವು

ಹೊಳಲ್ಕೆರೆ
ವಿಜಯದಶಮಿ, ಬೆಳಿಗ್ಗೆ

ನನ್ನ ಮುದ್ದು ಶಿವಗಂಗಾಳಿಗೆ ಅವ್ವನ ಆಶೀರ್ವಾದಗಳು.

ನಿನ್ನೆ ತಾನೇ ನೋಡಿ ಬಂದವಳಿಗೆ ಇವತ್ತೇ ಕಾಗದ ಬರೆಯುವ ಅವಸರವೇನು ಅಂತ ನಗಬೇಡ. ನಾಳೆಯ ಪರೀಕ್ಷಾ ಹಾರಾಟ ಮುಗಿಯುವವರೆಗೂ ನಿಮ್ಮ ಫೋನುಗಳು ವಿಮಾನ ಕೇಂದ್ರದ ಗೇಟಿನಲ್ಲೇ ಇರುತ್ತವಂತೆ. ಏನಿದ್ದರೂ ಬರೆದು ಕಳಿಸಿ, ಒಳಗೆ ಮುಟ್ಟಿಸುತ್ತೇವೆ ಎಂದರು ಅಲ್ಲಿನವರು. ಇದನ್ನು ಅಲ್ಲಿಗೆ ತಲುಪಿಸಲು ನಿನ್ನ ಮಾವ ಕಲ್ಲೇಶ ಬೈಕ್ ತೆಗೆದು ಕಾಯುತ್ತಿದ್ದಾನೆ.

ಆಯುಧಪೂಜೆಗೆ ಮನೆಯವರನ್ನೂ ಒಳಗೆ ಬಿಟ್ಟಿದ್ದರಲ್ಲ, ಆಗ ನಿಮ್ಮ ವಿಮಾನಕ್ಕೆ ವಿಭೂತಿ ಹಚ್ಚಿ ಹೂವಿಟ್ಟವಳು ನಾನು. ಅದರ ಹೊಟ್ಟೆಯ ಕೆಳಗೆ ಬೆರಳು ಗಾತ್ರದ ಒಂದು ಪೈಪಿತ್ತು. ಅದಕ್ಕೂ ಒಂದು ಚೆಂಡುಹೂವು ಸಿಕ್ಕಿಸಿದೆ. ಕುಡುಗೋಲು, ಪಂಪ್‌ಸೆಟ್ಟು ಯಾವುದನ್ನೂ ಬಿಡದವಳು ಅದೊಂದನ್ನು ಬಿಡುತ್ತೇನೆಯೇ?

ವಾಪಸು ಬರುವಾಗ ನಿನ್ನ ಜೊತೆ ಕೆಲಸ ಮಾಡುವ ಚೇತನ್‌ಕುಮಾರ್ ಹಿರಿಯೂರು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟ. ಆ ಪೈಪು ಯಾತಕ್ಕೆ ಅಂತ ಕೇಳಿದೆ. "ಬ್ಯಾಟರಿ ಕಾದ್ರೆ ಹೊಗೆ ಹೊರಗೆ ಹೋಗೋಕೆ ಅದೊಂದೇ ದಾರಿ ಐತೆ ನೋಡ್ರಮ್ಮ. ಕಟ್ಕಂಡ್ರೆ ಒಳಗೇ ತುಂಬ್ಕಂಡು ಬೆಂಕಿ ಹತ್ತುತ್ತೆ. ಮ್ಯಾಲೆ ಹೋದ್ಮ್ಯಾಲೆ ಎಲ್ಲಿ ಅಂತ ಇಳಿಸ್ತೀರ?" ಎಂದ. ಅವನು ಮಾಮೂಲಿಯಾಗಿಯೇ ಹೇಳಿದ. ಅವನ ಮುಂದೆ ಬಾಯಿ ಬಿಡಲು ಆಗಲಿಲ್ಲ.

ನಾಳೆ ಹೊಸ ಬ್ಯಾಟರಿ ಎಷ್ಟು ಬಿಸಿಯಾಗುತ್ತದೆಂದು ನೋಡಲು ನೀನೂ ಅದರಲ್ಲಿ ಕೂತು ಹೋಗುತ್ತೀಯ. ಬೇಡ ಎಂದು ಎಷ್ಟು ಗೋಗರೆದೆ, ನೀನು ನಕ್ಕುಬಿಟ್ಟೆ. ಬೆಳಗಿನ ಬನ್ನಿ ಪೂಜೆಗೆ ಹೋಗೋಣವೆಂದು ನಿಮ್ಮಪ್ಪ ಕರೆದರು, ತಲೆನೋವು ಎಂದು ಸುಳ್ಳು ಹೇಳಿದೆ. ಒಲೆಯ ಹೊಗೆ ಕಂಡರೂ ಆ ಪೈಪೇ ಕಣ್ಣ ಮುಂದೆ ಬರುತ್ತದೆ.

ಹಾರುವ ಮುಂಚೆ ಪೂಜೆಯ ಹೂವನ್ನೆಲ್ಲ ತೆಗೆಯುತ್ತೇವೆ ಎಂದಿದ್ದೆ. ನೀನು ಮರೆಯುವವಳಲ್ಲ ಅಂತ ಧೈರ್ಯ ತಂದುಕೊಳ್ಳುತ್ತೇನೆ, ಮರುಗಳಿಗೆಗೆ ಮತ್ತೆ ಭಯವಾಗುತ್ತದೆ. ಆ ಪೈಪಿನ ಹೂವನ್ನು ಬೇರೆಯವರಿಗೆ ಬಿಡಬೇಡ, ನಿನ್ನ ಕೈಯಿಂದಲೇ ತೆಗೆ ತಾಯಿ.

ನಿನ್ನ ಅವ್ವ,
ಕೊಟ್ರಮ್ಮ

ತಾ.ಕ.: ಕಲ್ಲೇಶನ ಕೈಗೆ ಕೊಟ್ಟಿದ್ದ ಕಾಗದವನ್ನು ಮತ್ತೆ ಇಸಿದುಕೊಂಡು ಬರೆಯುತ್ತಿದ್ದೇನೆ. ಹೂವು ತೆಗೆದರೆ ಸಾಲದು ಮಗಳೇ. ಅದರ ಹಿಂದೆ ಬಟ್ಟೆ ಇದೆ. ಬತ್ತಿಯಂತೆ ಹೊಸೆದು ಊದುಬತ್ತಿಯ ಕಡ್ಡಿಯಿಂದ ಒಳಕ್ಕೆ ತಳ್ಳಿದ್ದೇನೆ, ಹೊರಗಿನಿಂದ ಕಾಣುವುದಿಲ್ಲ. ಸೈಲೆನ್ಸರಿಗೆ ಬಟ್ಟೆ ತುರುಕಿದರೆ ನಮ್ಮ ಟ್ರ್ಯಾಕ್ಟರ್ ಸ್ಟಾರ್ಟ್ ಆಗುವುದಿಲ್ಲ. ವಿಮಾನವೂ ಹಾಗೇ ನಿಂತುಬಿಡುತ್ತದೆ, ನೀನು ನೆಲದ ಮೇಲೇ ಉಳಿಯುತ್ತೀಯ ಅಂದುಕೊಂಡೆ.