ಕಣ್ಣು ಬಾತ ಮೊಲಗಳು

ವಡಾಲ, ಮುಂಬಯಿ
೧೮-೯-೧೯೭೨

ಚಿ. ಸೌ. ಚಂದ್ರವ್ವನಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದು ಮೂರು ವಾರವಾಯಿತು. ಕೂಸಿಗೆ ಹಲ್ಲು ಬಂದ ಸುದ್ದಿಯನ್ನು ಚಾಳಿನವರಿಗೆಲ್ಲ ಹೇಳಿ ಬಂದೆ. ಉತ್ತರ ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಬರೆದ ಕಾಗದ ಹರಿದು ಹಾಕುತ್ತಿದ್ದೆ. ತಡವಾಯಿತೆಂದು ಬೇಸರಪಡಬೇಡ. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ.

ಔಷಧ ಕಂಪನಿಯವರು ಪರೀಕ್ಷೆಗೆಂದು ಸಾಕುವ ಮೊಲಗಳ ಕೋಣೆಯಲ್ಲಿ ಒಂಬತ್ತು ವರ್ಷ ದುಡಿದೆ. ಹುಲ್ಲು ಹಾಕಿದೆ, ಪಂಜರ ತೊಳೆದೆ. ಈ ಜುಲೈಯಲ್ಲಿ ಹೊರದೇಶದಿಂದ ಹಡಗಿನಲ್ಲಿ ನಲವತ್ತು ಹೊಸ ಮೊಲ ಬಂದವು. ಪೆಟ್ಟಿಗೆ ತೆರೆದಾಗಲೇ ಮೂರರ ಕಣ್ಣುರೆಪ್ಪೆ ಬಾತು ಕೀವು ಸೋರುತ್ತಿತ್ತು, ಕಿವಿಯ ಬುಡದಲ್ಲಿ ಗಂಟುಗಳಿದ್ದವು.

"ಸಾಹೇಬ್, ಇನ್‌ಕೋ ಅಲಗ್ ರಖೋ, ಬೀಮಾರ್ ಹೈ" ಎಂದು, ರೋಗದ ಮೊಲಗಳನ್ನು ಬೇರೆ ಇಡಲು ಮ್ಯಾನೇಜರರಿಗೆ ಹೇಳಿದೆ.

"ತೂ ಡಾಕ್ಟರ್ ಹೈ ಕ್ಯಾ, ಬಾಯಿ?" ಎಂದು ನಕ್ಕು, ಎಲ್ಲವನ್ನೂ ಹಳೆಯ ಮೊಲಗಳ ಜೊತೆಗೇ ಇಡಿಸಿದರು. ಕಿಟಕಿಯ ಜಾಳಿಗೆ ಹರಿದು ಮಳೆಗಾಲದ ಸೊಳ್ಳೆ ಒಳಗೆ ತುಂಬಿತ್ತು. ಅದನ್ನೂ ಹೇಳಿದೆ. ಕೇಳುವವರು ಯಾರು?

ಮೂರು ವಾರದಲ್ಲಿ ಕೋಣೆ ಸ್ಮಶಾನವಾಯಿತು. ಕಣ್ಣು ಮುಚ್ಚಿಹೋದ ಮೊಲಗಳು ಮೇವು ಎಲ್ಲಿದೆಯೆಂದು ಮೂಗಿನಿಂದ ತಡಕುತ್ತಿದ್ದವು. ಒದ್ದೆ ಬಟ್ಟೆಯಿಂದ ಕಣ್ಣೊರೆಸಿ, ಗಜ್ಜರಿ ಬಾಯಿಗೆ ಹಿಡಿಯುತ್ತಿದ್ದೆ. ಕೊನೆಗೆ ಉಳಿದದ್ದು ಆರು. ಪ್ರಾಣಿಗಳ ಡಾಕ್ಟರು ಬಂದು ನೋಡಿದರು. ಇದು ವೈರಸ್ ರೋಗ, ಸೊಳ್ಳೆಯಿಂದ ಹರಡುತ್ತದೆ, ದೂರದೇಶದ ಕಾಡುಮೊಲಗಳಿಗೆ ಬರೀ ಗಂಟಾಗಿ ಹೋಗುವ ಈ ರೋಗ ಸಾಕಿದ ಮೊಲಗಳನ್ನು ಕೊಲ್ಲುತ್ತದೆ, ನಮ್ಮ ಕಡೆಯ ಕಾಡುಮೊಲಗಳಲ್ಲಿ ತಾವಿದನ್ನು ಕಂಡೇ ಇಲ್ಲ ಎಂದರು. ಹಾಗೆಯೇ ವರದಿಯನ್ನೂ ಬರೆದರು.

ಆಮೇಲೆ ಮ್ಯಾನೇಜರರು ಮಾಡಿದ್ದೇನು ಗೊತ್ತೆ? ನಾನು ಬೊರಿವಲಿಯ ಕಾಡಿನಿಂದ ಮೊಲ ತಂದು ರೋಗ ಹಚ್ಚಿದೆನೆಂದು ಮರಾಠಿಯಲ್ಲಿ ಕಾಗದ ಬರೆಸಿ, ಹೆಬ್ಬೆಟ್ಟು ಒತ್ತು ಎಂದರು! ನನಗೆ ಹೆಬ್ಬೆಟ್ಟು! ಸ್ಟೇಷನ್ನಿನ ಬೋರ್ಡು ಓದಿ ಓದಿ ಮರಾಠಿ ಕಲಿತವಳು ನಾನು. ಅಕ್ಷರ ಕೂಡಿಸಿ ಇಡೀ ಕಾಗದವನ್ನು ಎಲ್ಲರಿಗೂ ಕೇಳುವಂತೆ ಓದಿದೆ. "ಡಾಕ್ಟರ್‌ಸಾಹೇಬರು ಬರದದ್ದನ್ನೂ ಓದಸ್ರಿ, ಆಮ್ಯಾಲ ಸಹಿ ಮಾಡೂದು ನೋಡೂಣು" ಎಂದು ಕನ್ನಡದಲ್ಲೇ ಗದರಿದೆ. ಅಂಥ ವರದಿಯೇ ಇಲ್ಲವಂತೆ! ಸಂಜೆಗೆ ನನ್ನನ್ನು ಗೇಟಿನ ಹೊರಗೆ ಹಾಕಿದರು.

ನಾನು ಅಳುತ್ತ ಕೂರಲಿಲ್ಲ. ದಾದರಿಗೆ ಹೋಗಿ ಡಾಕ್ಟರರ ಮನೆ ಹುಡುಕಿದೆ. ವರದಿ ಮುಚ್ಚಿಟ್ಟದ್ದು ಕೇಳಿ ಅವರ ಮುಖ ಕೆಂಪಾಯಿತು. ತಮ್ಮಲ್ಲಿದ್ದ ಪ್ರತಿಯನ್ನು ಕೊಟ್ಟು, ಕೋರ್ಟಿಗೆ ತಾವೇ ಬರುವುದಾಗಿ ಹೇಳಿದರು. ವಕೀಲರೊಬ್ಬರನ್ನು ಹಿಡಿದು ಕಾರ್ಮಿಕರ ಕೋರ್ಟಿನಲ್ಲಿ ದಾವೆ ಹಾಕಿದೆ, ನವೆಂಬರಿಗೆ ತಾರೀಖು ಕೊಟ್ಟಿದ್ದಾರೆ.

ಕೂಸಿನ ಮೈ ಬೆಚ್ಚಗಿಡು. ಅಳಿಯಂದಿರಿಗೆ ನಮಸ್ಕಾರ ತಿಳಿಸು. ನಿನ್ನ ಸಂಸಾರ ನೂರ್ಕಾಲ ತಣ್ಣಗಿರಲಿ.

ನಿನ್ನ ಅವ್ವ
ರುಕ್ಮಿಣಿಬಾಯಿ

ತಾ.ಕ.: ಬರೆಯಬಾರದೆಂದಿದ್ದೆ. ಬೇರೆಯವರಿಂದ ನಿನಗೆ ತಿಳಿಯುವುದು ಬೇಡ. ಮ್ಯಾನೇಜರರು ಬರೆಸಿದ ಆ ಕಾಗದದ ಕೆಳಗೆ ಒಂದು ಸಾಕ್ಷಿಯ ಸಹಿ ಇತ್ತು. ಅದು ನಿಮ್ಮಪ್ಪನದು. ಅದೇ ಕಂಪನಿಯ ಗೇಟ್ ಕಾಯುವವರಲ್ಲವೆ? ನಾನು ಬೊರಿವಲಿಯಿಂದ ಬುಟ್ಟಿಯಲ್ಲಿ ಮೊಲ ತಂದದ್ದನ್ನು ಕಂಡೆನೆಂದು ಬರೆದುಕೊಟ್ಟಿದ್ದಾರೆ. ಬೊರಿವಲಿಯಲ್ಲಿರುವ ನಮ್ಮೂರ ಸೋಮವ್ವನ ಮಗುವಿನ ತೊಟ್ಟಿಲು ಕಾರ್ಯ ಮುಗಿಸಿ ನೇರ ಕೆಲಸಕ್ಕೆ ಬಂದ ದಿನ ನನ್ನ ಬುಟ್ಟಿಯಲ್ಲಿದ್ದದ್ದು ಶೇಂಗಾ ಉಂಡಿ. ಗೇಟಿನಲ್ಲೇ ನಿಂತು ಎರಡು ತಿಂದವರು ಅವರೇ. ಕೇಳಿದರೆ, "ಇಬ್ಬರದೂ ನೌಕರಿ ಹೋದ್ರ ಏನ್ ತಿನ್ನೂದ?" ಎಂದರು. ದಿನಾ ತಾಟಿಗೆ ಬಡಿಸಿ ಎದ್ದು ಹೊರಗೆ ಹೋಗುತ್ತೇನೆ. ಕೋರ್ಟಿನಲ್ಲಿ ಮೊದಲು ಅವರನ್ನೇ ಕಟಕಟೆಗೆ ಕರೆಯಬೇಕಾಗುತ್ತದೆ, ನಡೆದೀತೆ ಎಂದು ವಕೀಲರು ಕೇಳಿದರು. ಕರೆಯಿರಿ ಎಂದು ಹೇಳಿ ಬಂದಿದ್ದೇನೆ.